2007ರಲ್ಲಿ ನಿಂತುಹೋದ ಪಾಠ

ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕಾ, ಬೇಡ್ವಾ? ಈ ಪ್ರಶ್ನೆ ಇಟ್ಟುಕೊಂಡು ಸ್ಟುಡಿಯೋದಲ್ಲಿ ಚರ್ಚೆಗೆ ಕೂತರೆ ಏನಾಗುತ್ತೆ ಅಂತ ಯಾವ ಆಂಕರ್‌ನ ಕೇಳಿದರೂ ಹೇಳ್ತಾನೆ. ಒಬ್ಬರು ‘ಸಂಸ್ಕೃತಿ’ ಅಂತಾರೆ, ಇನ್ನೊಬ್ಬರು ‘ವಿಜ್ಞಾನ’ ಅಂತಾರೆ, ಮೂರನೆಯವರು ಮೊಬೈಲನ್ನು ಬೈತಾರೆ. ನಡುವೆ ಬ್ರೇಕ್ ಬರುತ್ತೆ. ಆ ಬ್ರೇಕಿನಲ್ಲಿ ಸ್ಯಾನಿಟರಿ ಪ್ಯಾಡಿನ ಮೇಲೆ ನೀಲಿ ನೀರು ಸುರಿಯೋ ಜಾಹೀರಾತು ಬರುತ್ತೆ. ಅದಾದ ಮೇಲೆ ಮತ್ತೆ ಬಂದು, ಇಂಥದ್ದನ್ನೆಲ್ಲ ಮಕ್ಕಳ ಮುಂದೆ ಮಾತಾಡಬಹುದಾ ಅಂತ ಚರ್ಚೆ ಮುಂದುವರಿಸ್ತೀವಿ!

ಈ ಜಗಳಕ್ಕೆ ಒಂದು ಇತಿಹಾಸ ಇದೆ. ಕರ್ನಾಟಕದ್ದೇ ಇತಿಹಾಸ. ಅದನ್ನು ಯಾವ ಪ್ಯಾನೆಲ್ಲಿನಲ್ಲೂ ಪೂರ್ತಿ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

2005ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಸೇರಿ ಒಂದು ಕಾರ್ಯಕ್ರಮ ತಂದವು. ಹೆಸರು ‘ಹದಿಹರೆಯದ ಶಿಕ್ಷಣ ಕಾರ್ಯಕ್ರಮ’. 9 ಮತ್ತು 11ನೇ ತರಗತಿಯವರಿಗೆ ವರ್ಷಕ್ಕೆ 16 ಗಂಟೆಯ ಪಾಠ. ಮೈಯಲ್ಲಿ ಆಗೋ ಬದಲಾವಣೆ, ಎಚ್‌ಐವಿ ಹೇಗೆ ಹರಡುತ್ತೆ, ಮಾದಕ ವಸ್ತು, ಯಾರಾದರೂ ಬಲವಂತ ಮಾಡಿದರೆ ‘ಬೇಡ’ ಅನ್ನೋದು ಹೇಗೆ, ಇಷ್ಟು. ಇದರ ಹಿಂದೆ ಇದ್ದದ್ದು ಪಾಶ್ಚಾತ್ಯರ ಹುಚ್ಚಲ್ಲ, ಏಡ್ಸಿನ ಭಯ. ಆಗ ದೇಶದಲ್ಲಿ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಒಂದು. ಈಗಿನ ಹುಡುಗರಿಗೆ ಆ ಭಯ ನೆನಪಿಲ್ಲ. ನನ್ನ ವಯಸ್ಸಿನವರಿಗೆ ಕೆಂಪು ರಿಬ್ಬನ್ ಚಿತ್ರ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನೋಡಿದ ನೆನಪಿರುತ್ತೆ.

2007ರಲ್ಲಿ ಒಂದೊಂದೇ ರಾಜ್ಯ ಈ ಪಾಠಕ್ಕೆ ಬಾಗಿಲು ಹಾಕಿತು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಕರ್ನಾಟಕ. ನಮ್ಮಲ್ಲಿ ಆಗ ಕುಮಾರಸ್ವಾಮಿ ಮುಖ್ಯಮಂತ್ರಿ, ಜೆಡಿಎಸ್-ಬಿಜೆಪಿ ಮೈತ್ರಿ ಸರ್ಕಾರ. ಶಿಕ್ಷಣ ಸಚಿವರಾಗಿದ್ದವರು ಬಸವರಾಜ ಹೊರಟ್ಟಿ. ಸ್ವತಃ ಮೇಷ್ಟ್ರಾಗಿದ್ದವರು, ಶಿಕ್ಷಕರ ಕ್ಷೇತ್ರದಿಂದ ಪರಿಷತ್ತಿಗೆ ಗೆದ್ದು ಬಂದವರು. ಇಂಥ ಪಾಠ ಪಶ್ಚಿಮದ ದೇಶಗಳಿಗೆ ಬೇಕಾಗಬಹುದು, ನಮ್ಮ ಸಂಸ್ಕೃತಿಗೆ ಬೇಡ ಅನ್ನೋದು ಅವರ ನಿಲುವು. ಇದನ್ನು ಒಂದು ಪಕ್ಷದ ತಲೆಗೆ ಕಟ್ಟೋಕೆ ಹೋಗಬೇಡಿ. ಮಹಾರಾಷ್ಟ್ರದಲ್ಲಿ ಆಗ ಇದ್ದದ್ದು ಕಾಂಗ್ರೆಸ್-ಎನ್‌ಸಿಪಿ ಸರ್ಕಾರ. ಹೈಸ್ಕೂಲ್ ಹುಡುಗರ ವಿಷಯ ಬಂದಾಗ ನಮ್ಮ ಪಕ್ಷಗಳಲ್ಲಿ ಅಪರೂಪದ ಒಮ್ಮತ ಬರುತ್ತೆ.

ವಿರೋಧ ಮಾಡಿದವರ ಮಾತಿನಲ್ಲಿ ಹುರುಳೇ ಇರಲಿಲ್ಲ ಅಂತ ನಾನು ಹೇಳಲ್ಲ. ಶಿಕ್ಷಕರ ಕೈಗೆ ಕೊಟ್ಟ ಫ್ಲಿಪ್ ಚಾರ್ಟಿನ ಕೆಲವು ಚಿತ್ರಗಳು ಮೆಡಿಕಲ್ ಕಾಲೇಜಿಗೆ ಸರಿ, ಹಳ್ಳಿ ಹೈಸ್ಕೂಲಿಗೆ ಅಲ್ಲ ಅನ್ನೋ ಹಾಗಿದ್ದವು. ದೆಹಲಿಯಲ್ಲಿ ತಯಾರಾಗಿ ಬಂದ ಸರಕು. ಕಳಸದ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದ ಮೇಷ್ಟ್ರೊಬ್ಬರು ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿಕೊಂಡು ಆ ಚಾರ್ಟ್ ತಿರುಗಿಸಬೇಕಾದರೆ ಅವರ ಪಾಡೇನು ಅಂತ ಬರೆದವರಿಗೆ ಹೊಳೆದೇ ಇರಲಿಲ್ಲ. ಆಮೇಲೆ ಆ ಸಾಮಗ್ರಿಯನ್ನು ತಿದ್ದಿದರು. ಆದರೆ ಚಿತ್ರ ಸರಿ ಇಲ್ಲ ಅಂದರೆ ಚಿತ್ರ ಬದಲಾಯಿಸಬೇಕು. ಗಣಿತದ ಪುಸ್ತಕದಲ್ಲಿ ತಪ್ಪಿದೆ ಅಂತ ಗಣಿತವನ್ನೇ ಯಾರೂ ನಿಲ್ಲಿಸಲ್ಲ.

ಅದೇ 2007ರ ಏಪ್ರಿಲ್‌ನಲ್ಲಿ ಇನ್ನೆರಡು ವರದಿ ಹೊರಬಂದವು. ಎರಡನ್ನೂ ನಮ್ಮ ರಾಜ್ಯದಲ್ಲಿ ಯಾರೂ ಈ ಚರ್ಚೆಗೆ ತರಲಿಲ್ಲ.

ಮೊದಲನೆಯದು ನಮ್ಮದೇ ದೇಶದ್ದು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಮಾಡಿದ ಅಧ್ಯಯನ. ಅವರಲ್ಲಿ ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಅಂದಿದ್ದರು. ಮಾಡಿದವರಲ್ಲಿ ಅರ್ಧದಷ್ಟು ಜನ ಪರಿಚಿತರು, ಮಗು ನಂಬಿದವರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳ್ತಾರೆ ಹೇಳಿ? ದೇಹದ ಆ ಭಾಗಕ್ಕೆ ಮನೆಯಲ್ಲಿ ಹೆಸರೇ ಇಲ್ಲ. ಬೀದಿಯಲ್ಲಿ ಇರೋದು ಬೈಗುಳ, ಪುಸ್ತಕದಲ್ಲಿ ಇರೋದು ಸಂಸ್ಕೃತ. ಮಗುವಿಗೆ ದೂರು ಕೊಡೋಕೆ ಬೇಕಾದ ಪದವೇ ಇಲ್ಲದಿದ್ದರೆ ದೂರು ಬರಲ್ಲ. ದೂರು ಬಂದಿಲ್ಲ ಅಂದಮೇಲೆ ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ.

ಎರಡನೆಯದು ಅಮೆರಿಕದ್ದು. ಅಲ್ಲಿ 1996ರ ಒಂದು ಕಾನೂನಿನಲ್ಲಿ, ಮದುವೆಯವರೆಗೆ ಸಂಯಮ, ಅದೊಂದನ್ನೇ ಕಲಿಸಿ ಅಂತ ವರ್ಷಕ್ಕೆ 5 ಕೋಟಿ ಡಾಲರ್ ಎತ್ತಿಟ್ಟಿದ್ದರು. ಗರ್ಭನಿರೋಧಕ ವಿಫಲವಾಗುತ್ತೆ ಅಂತ ಹೇಳಬಹುದು, ಬಳಸೋದು ಹೇಗೆ ಅಂತ ಹೇಳೋ ಹಾಗಿಲ್ಲ. ಅವರ ಸಂಸತ್ತೇ, ಇದರಿಂದ ಏನಾಗುತ್ತೆ ನೋಡಿ ಅಂತ ಮ್ಯಾಥಮ್ಯಾಟಿಕಾ ಅನ್ನೋ ಸಂಶೋಧನಾ ಸಂಸ್ಥೆಗೆ ಕೆಲಸ ಕೊಡಿಸಿತ್ತು. ಅವರು ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ಪಾಠ ಕೊಡಿಸಿ, ಇನ್ನೊಂದಕ್ಕೆ ಕೊಡಿಸದೆ, ವರ್ಷಗಟ್ಟಲೆ ಹಿಂಬಾಲಿಸಿದರು. ಇಂಜಿನಿಯರಿಂಗ್ ಓದಿದವನಿಗೆ ಇದು ಅರ್ಥವಾಗೋ ಭಾಷೆ: ಸೇತುವೆ ಚೆನ್ನಾಗಿದೆಯಾ ಅಂತ ಕೇಳಬೇಡಿ, ಲೋಡ್ ಹಾಕಿ ನೋಡಿ. ಫಲಿತಾಂಶ ಏನು ಗೊತ್ತಾ? ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಮೊದಲ ಸಂಬಂಧದ ಸರಾಸರಿ ವಯಸ್ಸು ಎರಡರಲ್ಲೂ 14.9. ಪಾಠ ಕೇಳಿದವರು ಕೆಟ್ಟೂ ಹೋಗಲಿಲ್ಲ, ತಡೆದೂ ನಿಲ್ಲಲಿಲ್ಲ.

ಅಮೆರಿಕದ ಲೆಕ್ಕ ಮೂಡಿಗೆರೆಗೆ ಯಾಕೆ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಲ್ಲಿನ ಹದಿನಾಲ್ಕು ಇಲ್ಲಿನ ಹದಿನಾಲ್ಕಲ್ಲ. ಹಾಗಾದರೆ ನಮ್ಮ ಸಂಸ್ಕೃತಿ ಏನು ಮಾಡ್ತಿತ್ತು, ಅದನ್ನೇ ನೋಡೋಣ. ಈ ಲೇಖನದಲ್ಲಿ ನನಗೆ ನಿಜವಾಗಿ ಹೇಳಬೇಕಾಗಿರೋದು ಅದೇ.

ಮದನತಿಲಕ, ಜನವಶ್ಯ ಅಂತ ಕಾಮಶಾಸ್ತ್ರದ ಪುಸ್ತಕಗಳು ಕನ್ನಡದಲ್ಲೇ ಹುಟ್ಟಿವೆ, ದೇವಸ್ಥಾನದ ಗೋಡೆ ಮೇಲೆ ಶಿಲ್ಪ ಇದೆ ಅನ್ನೋ ವಾದವನ್ನು ನಾನು ಬಿಡ್ತೀನಿ. ಅದು ಅರಮನೆಯ, ಪಂಡಿತರ ಲೋಕ. ಸಾಮಾನ್ಯರ ಮನೆ ನೋಡಿ. ಹುಡುಗಿ ಮೈನೆರೆದರೆ ಆರತಿ, ಒಸಗೆ. ಹಸಿರು ಸೀರೆ, ಕೊಬ್ಬರಿ ಬೆಲ್ಲ, ನೆಂಟರು, ಹಾಡು. ಊರಿಗೆಲ್ಲ ಗೊತ್ತಾಗಬೇಕು. ಮಾತೇ ಆಡಬಾರದು ಅನ್ನೋ ಸಂಸ್ಕೃತಿ ಇದಲ್ಲವೇ ಅಲ್ಲ. ಊರಿಗೆಲ್ಲ ಯಾಕೆ ಹೇಳ್ತಿದ್ದರು? ಹುಡುಗಿ ಮದುವೆಗೆ ತಯಾರಾದಳು ಅಂತ. ಇನ್ನು ಕೆಲವು ಜಾತಿಗಳಲ್ಲಿ ಮೈನೆರೆಯೋ ಮೊದಲೇ ಮದುವೆ ಆಗಿಬಿಡಬೇಕಿತ್ತು, ಮೈನೆರೆದ ಮೇಲೆ ನಿಷೇಕ. ಅಂದರೆ ನಮ್ಮ ಹಿರಿಯರು ಹದಿಹರೆಯದವರಿಗೆ ಸಂಯಮದ ಪಾಠ ಮಾಡ್ತಿರಲಿಲ್ಲ. ಹದಿಹರೆಯವೇ ಬರದ ಹಾಗೆ ನೋಡಿಕೊಳ್ತಿದ್ದರು. ಬಾಲ್ಯ ಮುಗಿದ ಮರುದಿನವೇ ಸಂಸಾರ. ನಡುವೆ ಖಾಲಿ ಜಾಗ ಇಲ್ಲ.

ಆ ಖಾಲಿ ಜಾಗವನ್ನು ಮಾಡಿದ್ದು ಕಾನೂನು ಮತ್ತು ಶಾಲೆ. ಅದನ್ನು ಮೊದಲು ಶುರು ಮಾಡಿದವರಲ್ಲಿ ಮೈಸೂರು ಸಂಸ್ಥಾನ ಮುಂದೆ ಇತ್ತು. ಚಿಕ್ಕಮಗಳೂರು ಆಗ ಕಡೂರು ಜಿಲ್ಲೆ, ಮೈಸೂರಿನ ಭಾಗ. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಶಿಶುವಿವಾಹ ತಡೆ ಕಾಯ್ದೆ ಬಂತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು. ಇನ್ನೊಂದು ಸಲ ಓದಿ. ಎಂಟು ವರ್ಷ! ಆ ಕಾಲಕ್ಕೆ ಅದೇ ದೊಡ್ಡ ಸುಧಾರಣೆ. ಅದಕ್ಕೆ ಮೂರು ವರ್ಷ ಮೊದಲು ಬ್ರಿಟಿಷ್ ಇಂಡಿಯಾದಲ್ಲಿ ಒಪ್ಪಿಗೆಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದಕ್ಕೆ ತಿಲಕರಂಥವರೇ ವಿರೋಧಿಸಿದ್ದರು. 1929ರ ಶಾರದಾ ಕಾಯ್ದೆಯಲ್ಲಿ ಹುಡುಗಿಗೆ 14. 1978ರಲ್ಲಿ ಹುಡುಗಿಗೆ 18, ಹುಡುಗನಿಗೆ 21. ಹೀಗೆ ಎಂಟರಿಂದ ಹದಿನೆಂಟಕ್ಕೆ ಬರೋಕೆ ನಮಗೆ ಎಂಬತ್ತು ವರ್ಷ ಹಿಡಿಯಿತು. ಹತ್ತು ವರ್ಷದ ಹೊಸ ವಯಸ್ಸೊಂದನ್ನು ನಾವು ಸೃಷ್ಟಿ ಮಾಡಿದೆವು. ಒಳ್ಳೆಯದೇ ಮಾಡಿದೆವು. ಆದರೆ ಆ ಹತ್ತು ವರ್ಷದಲ್ಲಿ ಇರೋ ಹುಡುಗ ಹುಡುಗಿಗೆ ಹೇಳಬೇಕಾದ ಮಾತನ್ನು ಮಾತ್ರ ತಯಾರು ಮಾಡಿಕೊಳ್ಳಲಿಲ್ಲ. ಹಳೆಯ ಸಂಸ್ಕೃತಿಯಲ್ಲಿ ಅದು ಇರೋಕೆ ಸಾಧ್ಯವೇ ಇರಲಿಲ್ಲ, ಯಾಕಂದ್ರೆ ಆ ವಯಸ್ಸೇ ಇರಲಿಲ್ಲ.

ಮೈಸೂರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. 1930ರ ಜೂನ್ 11ರಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿದ್ದಾಗ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶವಾಯಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಇವು ಮೊದಲು ಅಂತ ಕುಟುಂಬ ಯೋಜನೆಯ ಇತಿಹಾಸ ಬರೆದವರು ಹೇಳ್ತಾರೆ. ಲಂಡನ್ ಅಲ್ಲ, ನ್ಯೂಯಾರ್ಕ್ ಅಲ್ಲ, ಮೈಸೂರು ಸಂಸ್ಥಾನ. ಮೈಸೂರು ಪಾಕ್ ಬಗ್ಗೆ ಹೆಮ್ಮೆ ಪಡೋ ನಾವು ಇದನ್ನು ಎಷ್ಟು ಜನ ಕೇಳಿದ್ದೀವಿ?

ಅದಾಗಿ ಐದು ವರ್ಷಕ್ಕೆ, 1935ರ ಡಿಸೆಂಬರಿನಲ್ಲಿ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯ ಜೊತೆ ಕೂತು ವಾದ ಮಾಡಿದರು. ಸ್ಯಾಂಗರ್, ಹೆಂಗಸರಿಗೆ ಗರ್ಭನಿರೋಧಕ ಬೇಕು ಅಂದರು. ಗಾಂಧೀಜಿ, ಸಂಯಮವೇ ದಾರಿ ಅಂದರು. ಇಬ್ಬರೂ ಜಗ್ಗಲಿಲ್ಲ. ನಮ್ಮ ಪ್ಯಾನೆಲ್ ಚರ್ಚೆಯ ಮೂಲ ಆವೃತ್ತಿ ಅದು, ಗದ್ದಲ ಮಾತ್ರ ಇರಲಿಲ್ಲ. ಆದರೆ ಸಂಯಮವಾದಿಗಳು ಮರೆಯೋ ಒಂದು ಸಂಗತಿ ಇದೆ. ಮರುವರ್ಷವೇ, 1936ರಲ್ಲಿ, ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಲೈಂಗಿಕ ಶಿಕ್ಷಣದ ಬಗ್ಗೆ ಬರೆದರು. ಕಾಮವನ್ನು ಗೆಲ್ಲೋದು ಗುರಿಯಾಗಿರಬೇಕು ಅಂತ ಷರತ್ತು ಹಾಕಿದರು, ನಿಜ. ಆದರೆ ಮಕ್ಕಳಿಗೆ ದೇಹದ ಆ ಅಂಗಗಳ ಅರಿವು ಕೊಡಬಾರದು ಅನ್ನಲಿಲ್ಲ, ಕೊಡಬೇಕು ಅಂದರು. ಸಂಯಮ ಕಲಿಸಬೇಕಾದರೂ ಯಾವುದರಿಂದ ಸಂಯಮ ಅಂತ ಹೇಳಲೇಬೇಕಲ್ಲ! ಅದನ್ನೂ ಹೇಳದೆ ಸಂಯಮ ಕಲಿಸ್ತೀವಿ ಅಂತ ಹೊರಟವರು ಗಾಂಧಿಗಿಂತ ದೊಡ್ಡ ಬ್ರಹ್ಮಚಾರಿಗಳು.

ಮತ್ತೆ ನಮ್ಮ ಬೆಟ್ಟಕ್ಕೆ ಬರೋಣ. ಕಾಫಿ ಸೀಮೆಯವರಿಗೆ ಪರಾಗಸ್ಪರ್ಶದ ಪಾಠ ಯಾರೂ ಮಾಡಬೇಕಾಗಿಲ್ಲ. ಹೂಮಳೆ ಬಂದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಗಾಳಿ ಬೇಕು, ಜೇನು ಬೇಕು. ಹೂವಿನ ದಿನ ಮಳೆ ಬಂದರೆ ಕೆಲಸ ಕೆಟ್ಟಿತು. ಇದನ್ನೆಲ್ಲ ಜಗಲಿ ಮೇಲೆ ಮಕ್ಕಳ ಎದುರೇ ಮಾತಾಡ್ತಾರೆ. ಬಾಳೆಹೊನ್ನೂರಿನಲ್ಲಿ ಇದಕ್ಕಾಗಿಯೇ 1925ರಿಂದ ಸಂಶೋಧನಾ ಕೇಂದ್ರ ಇದೆ. ಹಸು ಬೆದೆಗೆ ಬಂದರೆ ಡಾಕ್ಟರಿಗೆ ಫೋನ್ ಮಾಡು ಅಂತ ಹತ್ತು ವರ್ಷದ ಹುಡುಗನಿಗೇ ಹೇಳ್ತಾರೆ. ಅದೇ ಹುಡುಗ ಹತ್ತನೇ ಕ್ಲಾಸಿಗೆ ಬಂದಾಗ ಜೀವಶಾಸ್ತ್ರದಲ್ಲಿ ಹೂವಿನ ಸಂತಾನೋತ್ಪತ್ತಿ ಎರಡು ಪೀರಿಯಡ್ಡು, ಮನುಷ್ಯನದು ಬಂದಾಗ ‘ಇದನ್ನು ನೀವೇ ಓದ್ಕೊಳ್ಳಿ, ಪರೀಕ್ಷೆಗೆ ಅಷ್ಟು ಬರಲ್ಲ’. ನನ್ನ ಶಾಲೆಯಲ್ಲೂ ಹೀಗೇ ಆಯ್ತು. ನಿಮ್ಮದರಲ್ಲೂ ಆಗಿರುತ್ತೆ. ಇಡೀ ವರ್ಷದಲ್ಲಿ ಹುಡುಗರು ತಾವೇ ಶ್ರದ್ಧೆಯಿಂದ ಓದಿದ ಪಾಠ ಅದೊಂದೇ ಇರಬೇಕು!

ಇದೇ ನೆಲದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಾರೋ ಓತಿಯ ಬಗ್ಗೆ, ಹಕ್ಕಿಗಳ ಬಗ್ಗೆ, ಏರೋಪ್ಲೇನ್ ಚಿಟ್ಟೆಯ ಬಗ್ಗೆ ನಾಚಿಕೆ ಇಲ್ಲದ ಕುತೂಹಲವನ್ನು ಒಂದು ಪೀಳಿಗೆಗೆ ಕಲಿಸಿದರು. ಅವರು ಮೂಡಿಗೆರೆಯಲ್ಲಿ ತೀರಿಕೊಂಡದ್ದೂ 2007ರ ಏಪ್ರಿಲ್‌ನಲ್ಲೇ.

ಕನ್ನಡದಲ್ಲಿ ಮಾತಾಡೋಕೆ ಆಗಲ್ಲ, ಭಾಷೆಯೇ ಅಶ್ಲೀಲ ಆಗಿಬಿಡುತ್ತೆ ಅನ್ನೋರಿಗೆ ಒಂದು ಹೆಸರು ಹೇಳ್ತೀನಿ: ಡಾಕ್ಟರ್ ಅನುಪಮಾ ನಿರಂಜನ. ಮಲೆನಾಡಿನವರೇ, 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ವೈದ್ಯೆ, ಕಾದಂಬರಿಕಾರ್ತಿ. ಹದಿಹರೆಯದ ಹುಡುಗಿಯರಿಗೆ ‘ಕೇಳು ಕಿಶೋರಿ’ ಬರೆದರು, ಮದುವೆಯಾದವರಿಗೆ ‘ದಾಂಪತ್ಯ ದೀಪಿಕೆ’ ಬರೆದರು. ಹೆಸರು ನೋಡಿ ಎಷ್ಟು ಮರ್ಯಾದೆಯಾಗಿವೆ. ಮುಟ್ಟು, ಗರ್ಭ, ಹೆರಿಗೆ, ಎಲ್ಲವನ್ನೂ ಅಕ್ಕ ತಂಗಿಗೆ ಹೇಳೋ ಹಾಗೆ ಹೇಳಿದರು. ಮದುವೆಯಲ್ಲಿ ಉಡುಗೊರೆಯಾಗಿ ಕೊಡ್ತಿದ್ದ ಪುಸ್ತಕಗಳು ಅವು. ಸಂಸ್ಕೃತಿ ಎಲ್ಲಿಯೂ ಕುಸಿಯಲಿಲ್ಲ. ದೆಹಲಿಯ ಫ್ಲಿಪ್ ಚಾರ್ಟಿಗೆ ಬದಲಾಗಿ ಈ ಕನ್ನಡವನ್ನು ಇಟ್ಟುಕೊಂಡು ಪಾಠ ಬರೆಯಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

2009ರ ಮಾರ್ಚ್‌ನಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ತನ್ನ ವರದಿ ಕೊಟ್ಟಿತು. ಅಧ್ಯಕ್ಷರು ವೆಂಕಯ್ಯ ನಾಯ್ಡು. ಆಗ ಅವರು ರಾಜ್ಯಸಭೆಗೆ ಹೋಗಿದ್ದದ್ದು ಕರ್ನಾಟಕದಿಂದ, ಅಂದರೆ ನಮ್ಮ ಪ್ರತಿನಿಧಿ. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂದಿತು ಸಮಿತಿ. ಮದುವೆಗೆ ಮುಂಚಿನ ಸಂಬಂಧ ಅನೈತಿಕ, ಅನಾರೋಗ್ಯಕರ ಅಂತ ಮಕ್ಕಳಿಗೆ ಹೇಳಿ, ಬಾಲ್ಯವಿವಾಹ ತಪ್ಪು ಅಂತ ಹೇಳಿ, ಆಯುರ್ವೇದ, ಪ್ರಕೃತಿ ಚಿಕಿತ್ಸೆಯ ವಿಷಯ ಹೇಳಿ ಅಂದಿತು. ಇದರಲ್ಲಿ ಕೆಲವಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಇನ್ನೊಂದು ಶಿಫಾರಸು ಇತ್ತು. ಹದಿಹರೆಯದ ಬೆಳವಣಿಗೆ, ಎಚ್‌ಐವಿ, ಲೈಂಗಿಕ ರೋಗಗಳ ಪಾಠವನ್ನು ಈಗಿನ ಪಠ್ಯದಿಂದ ತೆಗೆದು, ಪಿಯುಸಿ ಹಂತದ ಜೀವಶಾಸ್ತ್ರದಲ್ಲಿ ಹಾಕಿ, ಅದಕ್ಕೂ ಮುಂಚೆ ಬೇಡ ಅಂತ.

ಇದನ್ನು ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ನಿಂತು ಓದಿ. ಅಪ್ಪ ಅಮ್ಮ ಬೆಳಿಗ್ಗೆ ಎಂಟಕ್ಕೆ ಕೊಯ್ಲಿಗೆ ಹೋದರೆ ಬರೋದು ಸಂಜೆ. ಒಂದು ಕೋಣೆ, ಒಂದು ಅಡುಗೆಮನೆ. ಈಗೀಗ ಅಸ್ಸಾಂ, ಜಾರ್ಖಂಡಿನಿಂದ ಬಂದವರ ಮಕ್ಕಳೂ ಅಲ್ಲೇ. ಅಲ್ಲಿನ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದರೇ ದೊಡ್ಡ ಮಾತು. ಪಿಯುಸಿಗೆ ಹೋದರೂ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ತೆಗೆದುಕೊಳ್ಳೋರು ಎಷ್ಟು ಜನ? ಸಮಿತಿಯ ಲೆಕ್ಕದಲ್ಲಿ ನೋಡಿದರೆ, ಡಾಕ್ಟರ್ ಆಗೋ ಆಸೆ ಇದ್ದವರಿಗೆ ಮಾತ್ರ ತಮ್ಮ ಮೈ ಬಗ್ಗೆ ತಿಳಿಯೋ ಹಕ್ಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬೋ ಮೊದಲೇ ಮದುವೆಯಾಗಿತ್ತು. ಅವರಿಗೆ ಪಿಯುಸಿಯ ಪಾಠ ಬರೋ ಹೊತ್ತಿಗೆ ತೊಟ್ಟಿಲು ಬಂದಿರುತ್ತೆ.

2012ರಲ್ಲಿ ಪೋಕ್ಸೊ ಬಂತು. ಬರಲೇಬೇಕಿದ್ದ ಕಾನೂನು. ಅಲ್ಲಿಯವರೆಗೆ 16 ಇದ್ದ ಒಪ್ಪಿಗೆಯ ವಯಸ್ಸು 18 ಆಯ್ತು. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಇಷ್ಟಪಟ್ಟು ಓಡಿಹೋದರೂ ಹುಡುಗ ಆರೋಪಿ, ಜಾಮೀನು ಕಷ್ಟ, ಶಿಕ್ಷೆ ಹತ್ತು ವರ್ಷದಿಂದ ಶುರು. ಈ ಕಾನೂನನ್ನು ನಾವು ಯಾರಿಗೆ ಹೇಳಿದೆವು? ಪೊಲೀಸರಿಗೆ ತರಬೇತಿ ಕೊಟ್ಟೆವು, ವಕೀಲರಿಗೆ ಕಾರ್ಯಾಗಾರ ಮಾಡಿದೆವು. ಹುಡುಗನಿಗೆ ಹೇಳಲಿಲ್ಲ. ಹೇಳಬೇಕಾದರೆ ಆ ವಿಷಯ ಎತ್ತಬೇಕಲ್ಲ.

2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಕೇಸು ಮೇಲ್ಮನವಿಗೆ ಬರೋ ಹೊತ್ತಿಗೆ ಆ ಇಬ್ಬರೂ ಮದುವೆಯಾಗಿ ಮಕ್ಕಳೂ ಆಗಿದ್ದವು. ಹುಡುಗನ ಬಿಡುಗಡೆಯನ್ನು ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಎತ್ತಿಹಿಡಿದರು. ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮತ್ತೆ ನೋಡಲಿ ಅಂದರು. ಅದರ ಜೊತೆಗೆ ಶಿಕ್ಷಣ ಇಲಾಖೆಗೆ ಒಂದು ನಿರ್ದೇಶನ ಕೊಟ್ಟರು: ಕನಿಷ್ಠ ಒಂಬತ್ತನೇ ತರಗತಿಯಿಂದ ಮಕ್ಕಳಿಗೆ ಈ ಕಾನೂನಿನ ಬಗ್ಗೆ ತಿಳಿಸಿ. ಮರುವರ್ಷ ಕಾನೂನು ಆಯೋಗ, ವಯಸ್ಸು ಹದಿನೆಂಟೇ ಇರಲಿ ಅಂದಿತು. ಅದು ಬೇರೆ ಚರ್ಚೆ. 2007ರಲ್ಲಿ ಯಾವ ಒಂಬತ್ತನೇ ಕ್ಲಾಸಿನ ಬಾಗಿಲು ಹಾಕಿದ್ದೆವೋ, ಹದಿನೈದು ವರ್ಷದ ಮೇಲೆ ಕೋರ್ಟು ಅದೇ ಒಂಬತ್ತನೇ ಕ್ಲಾಸಿನ ಬಾಗಿಲು ತಟ್ಟಿತು. ಈ ಸಲ ಏಡ್ಸಿಗಾಗಿ ಅಲ್ಲ, ಜೈಲಿಗೆ ಹೋಗಬಹುದಾದ ಹುಡುಗರಿಗಾಗಿ.

2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಕ್ಕಳ ಅಶ್ಲೀಲ ವಿಡಿಯೋ ಕುರಿತ ತೀರ್ಪಿನಲ್ಲಿ, ಲೈಂಗಿಕ ಶಿಕ್ಷಣ ಪಾಶ್ಚಾತ್ಯರದು, ಅದು ಮಕ್ಕಳನ್ನು ಕೆಡಿಸುತ್ತೆ ಅನ್ನೋದು ತಪ್ಪು ತಿಳಿವಳಿಕೆ ಅಂತ ಬರೆಯಿತು. 2007ರಲ್ಲಿ ಹುಡುಗರಿಗೆ ಕದ್ದು ಓದೋಕೆ ಇದ್ದದ್ದು ಬಸ್ ಸ್ಟ್ಯಾಂಡಿನ ಹಳದಿ ಪುಸ್ತಕ. ಈಗ ಕುದುರೆಮುಖದ ತಿರುವಿನಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು, ಲೈನ್ ಮನೆಯಲ್ಲಿ ಸಿಗುತ್ತೆ. ಪಾಠ ನಿಲ್ಲಿಸಿದ್ದು ಸರ್ಕಾರ, ಪಾಠ ಶುರು ಮಾಡಿದ್ದು ಮೊಬೈಲು. ಆ ಮೇಷ್ಟ್ರು ಒಪ್ಪಿಗೆ ಅನ್ನೋ ಪದವನ್ನೇ ಹೇಳಿಕೊಡಲ್ಲ.

2025ರಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ, 8ರಿಂದ 12ನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ತರ್ತೀವಿ, ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಪಾಠ ಮಾಡಿಸ್ತೀವಿ ಅಂದರು. 2007ರ ಸಚಿವರು ಆಗ ವಿಧಾನ ಪರಿಷತ್ತಿನ ಸಭಾಪತಿ ಪೀಠದಲ್ಲಿದ್ದರು. ಒಂದೇ ಸೂರಿನಡಿ ಎರಡೂ ಕಾಲ ಕೂತಿದ್ದವು.

ಘೋಷಣೆಯನ್ನು ನಾನು ಸ್ವಾಗತಿಸ್ತೀನಿ. ಜೊತೆಗೆ ಇಲಾಖೆಯನ್ನು ಎರಡು ಮೂರು ಪ್ರಶ್ನೆ ಕೇಳ್ತೀನಿ. ಬೆಟ್ಟದ ಆರೋಗ್ಯ ಕೇಂದ್ರದಲ್ಲಿ ಇರೋದೇ ಒಬ್ಬ ಡಾಕ್ಟರು. ಬೆಳಿಗ್ಗೆ ಒಪಿಡಿ ಬಿಟ್ಟು ಅವರು ಶಾಲೆಗೆ ಬಂದರೆ ಕ್ಯೂನಲ್ಲಿ ನಿಂತ ಜ್ವರದವರನ್ನು ಯಾರು ನೋಡ್ತಾರೆ? ಕಳಸ, ಕುದುರೆಮುಖದ ಕಡೆ ಜೂನ್ ಜುಲೈಯಲ್ಲಿ ಮಳೆಗೆ ಶಾಲೆಗೇ ರಜೆ ಇರುತ್ತೆ, ಆ ತರಗತಿಗಳನ್ನು ಯಾವಾಗ ತುಂಬಿಸ್ತೀರಿ? ಹುಡುಗಿಯರಿಗೆ ಪ್ಯಾಡ್ ಕೊಡೋ ‘ಶುಚಿ’ ಯೋಜನೆ ನಡುವೆ ಕೆಲವು ವರ್ಷ ನಿಂತು, 2024ರಲ್ಲಿ ಮತ್ತೆ ಶುರುವಾಯ್ತು. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಯಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಯಾವ ಕೋಣೆಯಲ್ಲಿದೆ, ಯಾವ ದಿನ ತೆರೆದಿರುತ್ತೆ ಅಂತ ನಿಮ್ಮ ಮನೆ ಹುಡುಗಿಗೆ ಗೊತ್ತಾ, ಒಂದು ಸಲ ಕೇಳಿ ನೋಡಿ.